ಶೆಟ್ಲೆಂಡ್: ಮೊದಲು ಕಡಲು ನೋಡಿ, ಆಮೇಲೆ ಉಲ್ಲನ್ ಕೊಳ್ಳಿ

ಹೆಣಿಗೆ ಬಲ್ಲವರು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಿಗೆ ಹೋಗಬೇಕೆಂದರೆ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಸೆಪ್ಟೆಂಬರ್ ಕೊನೆಯ 'ವುಲ್ ವೀಕ್' ಅನ್ನು. ಆ ವಾರ ಹೆಣಿಗೆ ತರಗತಿ, ಪ್ರದರ್ಶನಗಳಿಗೆ ಕೊರತೆಯಿಲ್ಲ. ಆದರೆ ಅಷ್ಟು ಹೊತ್ತಿಗೆ ಪಫಿನ್ ಹಕ್ಕಿಗಳು ಹೊರಟುಹೋಗಿರುತ್ತವೆ. ಅವು ಏಪ್ರಿಲ್‌ನಲ್ಲಿ ದಡಕ್ಕೆ ಬಂದು, ಮರಿ ಮಾಡಿ, ಆಗಸ್ಟ್ ಹೊತ್ತಿಗೆ ಮತ್ತೆ ಕಡಲು ಸೇರುತ್ತವೆ. ಉಲ್ಲನ್ ಅಂಗಡಿಗಳಾದರೋ ವರ್ಷವಿಡೀ ಇರುತ್ತವೆ. ಎರಡೂ ಬೇಕೆನ್ನುವವರು ಜೂನ್‌ನಲ್ಲಿ ಹೋಗಿ. ಆಗ ನಡುರಾತ್ರಿಯಲ್ಲೂ ಪೂರ್ತಿ ಕತ್ತಲಾಗುವುದಿಲ್ಲ. ಆ ಮಸುಕು ಬೆಳಕಿಗೆ ಅಲ್ಲಿನವರು 'ಸಿಮ್ಮರ್ ಡಿಮ್' ಎನ್ನುತ್ತಾರೆ.

ಆಬರ್ಡೀನ್‌ನಿಂದ ರಾತ್ರಿ ಹಡಗಿನಲ್ಲಿ ಕಾರು ಸಮೇತ ದ್ವೀಪಗಳ ಮುಖ್ಯ ಪಟ್ಟಣ ಲೆರ್ವಿಕ್ ತಲುಪಬಹುದು, ಅಥವಾ ಸಂಬರ್ಗ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿ ಕಾರು ಬಾಡಿಗೆಗೆ ಪಡೆಯಬಹುದು. ವಾಹನ ಓಡಿಸುವುದು ಎಡಬದಿಯಲ್ಲೇ. ಒಳರಸ್ತೆಗಳು ಒಂದೇ ವಾಹನದ ಅಗಲ. ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಜಾಗ ಮಾಡಿರುತ್ತಾರೆ. ಕುರಿಗಳು ರಸ್ತೆಯಲ್ಲೇ ಮಲಗಿರುವುದುಂಟು, ನಿಧಾನವಾಗಿ ಹೋಗಿ. ಐದು ದಿನ ಇಟ್ಟುಕೊಂಡರೆ ಅವಸರವಿರುವುದಿಲ್ಲ.

ಮೊದಲ ದಿನ ಅಂಗಡಿಗೆ ಹೋಗಬೇಡಿ. ಈ ಪ್ರವಾಸದ ಗುಟ್ಟೇ ಅದು. ನೇರ ದಕ್ಷಿಣ ತುದಿಯ ಸಂಬರ್ಗ್ ಹೆಡ್‌ಗೆ ಹೊರಡಿ. ದಾರಿ ವಿಮಾನ ನಿಲ್ದಾಣದ ರನ್‌ವೇಯನ್ನೇ ದಾಟುತ್ತದೆ. ವಿಮಾನ ಬರುವಾಗ ಗೇಟು ಹಾಕಿ ಕಾರುಗಳನ್ನು ನಿಲ್ಲಿಸುತ್ತಾರೆ. ತುದಿಯಲ್ಲಿರುವುದು ರಾಬರ್ಟ್ ಸ್ಟೀವನ್ಸನ್ ಕಟ್ಟಿದ, 1821ರ ದೀಪಸ್ತಂಭ. ಕಡಲಿನಿಂದ ಪಫಿನ್‌ಗಳು ಮರಳುವ ಸಂಜೆಯೇ ಒಳ್ಳೆಯ ಹೊತ್ತು. ಗೋಡೆಯಾಚೆಗೆ ಕೈ ಚಾಚದೆ, ಸುಮ್ಮನೆ ನಿಂತರೆ ಸಾಕು, ಹತ್ತಿರದಲ್ಲೇ ಕಾಣುತ್ತವೆ. ಕಪ್ಪು ಬೆನ್ನು, ಬಿಳಿ ಎದೆ, ಕಿತ್ತಳೆ ಕಾಲು. ಸುತ್ತ ಬಂಡೆಯ ಬೂದು, ಥ್ರಿಫ್ಟ್ ಹೂವಿನ ಗುಲಾಬಿ. ನಿಮಗೆ ಇಷ್ಟವಾದ ಬಣ್ಣಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಮರುದಿನ ಆ ಫೋಟೊ ಹಿಡಿದು ಲೆರ್ವಿಕ್‌ನಲ್ಲಿರುವ ಜೇಮಿಸನ್ ಅಂಡ್ ಸ್ಮಿತ್ ಅಂಗಡಿಗೆ ಹೋಗಿ. ಇವರು ದ್ವೀಪದ ಕುರಿ ಸಾಕುವವರಿಂದಲೇ ಉಣ್ಣೆ ಕೊಂಡು, ಕೈಯಿಂದ ವಿಂಗಡಿಸುತ್ತಾರೆ. ಜೇಮಿಸನ್ಸ್ ಆಫ್ ಶೆಟ್ಲೆಂಡ್ ಇನ್ನೊಂದು ಬೇರೆಯೇ ಕಂಪನಿ. ಅವರ ಅಂಗಡಿ ಲೆರ್ವಿಕ್‌ನ ಕಮರ್ಶಿಯಲ್ ಸ್ಟ್ರೀಟ್‌ನಲ್ಲಿದೆ, ನೂಲು ತೆಗೆಯುವ ಮಿಲ್ಲು ಪಶ್ಚಿಮದ ಸ್ಯಾಂಡ್‌ನೆಸ್ ಹಳ್ಳಿಯಲ್ಲಿದೆ. ಮಿಲ್ಲಿಗೆ ಕೆಲಸದ ದಿನವೇ ಹೋಗಿ, ಭಾನುವಾರವನ್ನು ಪ್ರಾಣಿಗಳಿಗೆ ಇಟ್ಟುಕೊಳ್ಳಿ.

ಜೇಮಿಸನ್ಸ್‌ನಲ್ಲಿ 200ಕ್ಕೂ ಹೆಚ್ಚು ಬಣ್ಣಗಳ ಮುಂದೆ ನಿಂತಾಗ ಕೈ ಎಲ್ಲ ಕಡೆಗೂ ಹೋಗುತ್ತದೆ. ಆಗಲೇ ಫೋಟೊ ನೆರವಿಗೆ ಬರುವುದು. ಇಲ್ಲಿನ ಫೇರ್ ಐಲ್ ದ್ವೀಪದ ಹೆಸರಿನ, ಬಣ್ಣಬಣ್ಣದ ವಿನ್ಯಾಸದ ಹೆಣಿಗೆಯಲ್ಲಿ ಒಂದು ಸಾಲಿಗೆ ಎರಡೇ ಬಣ್ಣ. ಅವೆರಡರ ನಡುವೆ ತಿಳಿ–ಗಾಢದ ವ್ಯತ್ಯಾಸವಿಲ್ಲದಿದ್ದರೆ ಎಷ್ಟು ಚಂದದ ಬಣ್ಣವಾದರೂ ವಿನ್ಯಾಸ ಕಾಣುವುದಿಲ್ಲ. ಆರಿಸಿದ ನೂಲಿನ ಉಂಡೆಗಳನ್ನು ಸಾಲಾಗಿಟ್ಟು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಒಂದೇ ಬೂದು ಆಗಿ ಕಂಡ ಜೋಡಿಯನ್ನು ಬಿಡಿ. ಪಫಿನ್ ಕಾಲಿನ ಕಿತ್ತಳೆ ಬೇಕೆನಿಸಿದರೆ ಒಂದೇ ಉಂಡೆ ಸಾಕು, ನಡುವಿನ ಒಂದೆರಡು ಸಾಲಿಗೆ. ಬಣ್ಣ ಹಾಕದ ಸಹಜ ಉಣ್ಣೆಯನ್ನಂತೂ ಮರೆಯಬೇಡಿ: ಕಂದು ಬಣ್ಣಕ್ಕೆ 'ಮೂರಿಟ್', ಗಾಢ ಬೂದಿಗೆ 'ಶೇಲಾ' ಎಂದು ಅಲ್ಲಿನವರು ಹೆಸರಿಟ್ಟಿದ್ದಾರೆ.

ಉಂಡೆ 25 ಗ್ರಾಂನದು. ದೊಡ್ಡವರ ಪೂರ್ತಿ ಸ್ವೆಟರ್‌ಗೆ ಸುಮಾರು 400 ಗ್ರಾಂ, ಅಂದರೆ 16 ಉಂಡೆ ಲೆಕ್ಕ ಹಾಕಿ. ಹಿನ್ನೆಲೆಯ ಬಣ್ಣಕ್ಕೆ ಒಂದೇ ಡೈ ಲಾಟ್‌ನಿಂದ (ಒಂದೇ ಸಲ ಬಣ್ಣ ಹಾಕಿದ ಕಂತಿನಿಂದ) ಒಂದು ಉಂಡೆ ಹೆಚ್ಚಿಗೆ ಇರಲಿ. ಮುಟ್ಟಿದಾಗ ಈ ನೂಲು ತುಸು ಒರಟು ಅನ್ನಿಸಿದರೂ ಬೇಡವೆನ್ನಬೇಡಿ, ಒಗೆದರೆ ಮೆತ್ತಗಾಗುತ್ತದೆ. ಎಳೆಗೆ ಎಳೆ ಅಂಟಿಕೊಳ್ಳುವ ಈ ಗುಣದಿಂದಲೇ, ಕೊಳವೆಯಂತೆ ಸುತ್ತಿ ಹೆಣೆದ ಸ್ವೆಟರ್ ಅನ್ನು ಕತ್ತರಿಯಿಂದ ಸೀಳಿ ಮುಂಭಾಗ ತೆರೆದರೂ ಹೊಲಿಗೆಗಳು ಬಿಚ್ಚಿಕೊಳ್ಳುವುದಿಲ್ಲ.

ಮುಂದೆ ಉತ್ತರಕ್ಕೆ. ಟಾಫ್ಟ್‌ನಿಂದ ಸಣ್ಣ ಹಡಗಿನಲ್ಲಿ ಯೆಲ್ ದ್ವೀಪ. ಕಾರಿಗೆ ಮೊದಲೇ ಜಾಗ ಕಾಯ್ದಿರಿಸಿ. ಯೆಲ್ ನೀರುನಾಯಿಗಳ ಸೀಮೆ. ಕಡಲಿನ ಇಳಿತದ ಹೊತ್ತಿಗೆ, ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ, ಬಂಡೆಗೆ ಒರಗಿ ಕುಳಿತುಕೊಳ್ಳಿ. ನೀರುನಾಯಿ ಮುಳುಗಿದಾಗ ಮಾತ್ರ ನೀವು ಅಲುಗಾಡಬಹುದು, ತಲೆ ಎತ್ತಿದೊಡನೆ ಕಲ್ಲಾಗಬೇಕು. ಕಾಯುವಿಕೆ ಗಂಟೆಗಟ್ಟಲೆಯಾಗಬಹುದು. ಹೆಣಿಗೆ ತಂದವರಿಗೆ ಅದೇನೂ ಭಾರವಲ್ಲ, ಆದರೆ ಲೋಹದ ಕಡ್ಡಿ ಸದ್ದು ಮಾಡುತ್ತದೆ, ಬಿದಿರಿನದು ತನ್ನಿ. ಕಣ್ಣು ನೀರಿನ ಮೇಲಿರಬೇಕಾದ್ದರಿಂದ ವಿನ್ಯಾಸವಿಲ್ಲದ ಸಾದಾ ಸುತ್ತೇ ಇರಲಿ.

ಯೆಲ್‌ನ ಗಚರ್‌ನಿಂದ ಇನ್ನೊಂದು ಹಡಗು ಹತ್ತಿದರೆ ಅನ್ಸ್ಟ್ ದ್ವೀಪ. ಹರ್ಮನೆಸ್‌ನ ಕಡಿದಾದ ಬಂಡೆಗಳಲ್ಲಿ ಗ್ಯಾನೆಟ್ ಹಕ್ಕಿಗಳು ಕಿಕ್ಕಿರಿದಿರುತ್ತವೆ. ದಾರಿ ಬಿಟ್ಟು ಹುಲ್ಲಿಗೆ ಇಳಿದರೆ 'ಬಾಂಕ್ಸಿ' ಎಂಬ ದೊಡ್ಡ ಸ್ಕುವಾ ಹಕ್ಕಿ ತಲೆಯ ಮೇಲೆರಗುತ್ತದೆ. ಅದು ಗೂಡು ಕಾಯುತ್ತಿದೆ. 2022ರ ಹಕ್ಕಿಜ್ವರದಲ್ಲಿ ಈ ಹಕ್ಕಿಗಳು ಬಹಳ ಸತ್ತವು, ಇರುವ ಮೊಟ್ಟೆಗಳನ್ನಾದರೂ ತುಳಿಯದಿರೋಣ.

ಹೆರಾಲ್ಡ್ಸ್‌ವಿಕ್‌ನ ಹೆರಿಟೇಜ್ ಸೆಂಟರ್‌ನಲ್ಲಿ ಅನ್ಸ್ಟ್ ಲೇಸ್ ನೋಡದೆ ಮರಳಬೇಡಿ. ಕುರಿಯ ಕತ್ತಿನ ನವಿರು ಉಣ್ಣೆಯ ನೂಲು; ಹಾಸಿಗೆ ಅಗಲದ ಶಾಲು ಮದುವೆಯ ಉಂಗುರದೊಳಗಿಂದ ನುಸುಳಿ ಬರುತ್ತದೆ. ಅದನ್ನು ಕಂಡ ಮೇಲೆ ಲೇಸ್ ನೂಲೂ ಬೇಕೆನಿಸದೆ ಇರದು. ಹಾಗಾಗಿ ಲೆರ್ವಿಕ್‌ನಿಂದ ಹಡಗು ಹತ್ತುವ ದಿನ ಭಾನುವಾರವಾಗದಂತೆ ಟಿಕೆಟ್ ಮಾಡಿಸಿ. ಹಡಗು ಹೊರಡುವುದು ಸಂಜೆ, ಅಂಗಡಿಗೆ ಇನ್ನೊಮ್ಮೆ ಹೋಗಿಬರಲು ಹಗಲೆಲ್ಲ ಕೈಯಲ್ಲಿರುತ್ತದೆ.