ಹಲಸಿನ ಬೇಳೆಯಿಂದ ಜಕಾಲಿನ್ ತೆಗೆಯುವುದು: ನನ್ನ ಅನುಭವ

ಹಲಸಿನ ಬೇಳೆಯಲ್ಲಿ ಪಿಷ್ಟ ಜಾಸ್ತಿ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸೌತೆಕಾಯಿ ಕೊದ್ದೆಲ್‌ಗೆ ಹಾಕಿದರೆ ಬೆಂದು ಹಿಟ್ಟುಹಿಟ್ಟಾಗುತ್ತದೆ, ಅಲ್ವಾ? ಅದೇ ಬೇಳೆಯಲ್ಲಿ ಜಕಾಲಿನ್ ಅನ್ನುವ ಪ್ರೋಟೀನೂ ಇದೆ. ಇದು ಲೆಕ್ಟಿನ್ ಜಾತಿಯದು. ಅಂದರೆ ಸಕ್ಕರೆಯ ಅಣುವನ್ನು ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳುವ ಪ್ರೋಟೀನ್. ಜಕಾಲಿನ್‌ಗೆ ಬೇಕಾದ ಸಕ್ಕರೆ ಗ್ಯಾಲಕ್ಟೋಸ್. ನಮ್ಮ ದೇಹದ ಐಜಿಎ ಪ್ರತಿಕಾಯಕ್ಕೆ ಇದು ಅಂಟುತ್ತದೆ ಎಂದು 1985ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಬರೆದರು. ಭಾರತದಿಂದ ಪೋರ್ಚುಗೀಸರು ಒಯ್ದ ಹಲಸು ಅಲ್ಲಿ ಚೆನ್ನಾಗಿ ಬೇರು ಬಿಟ್ಟಿತ್ತು. 1996ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದರ ರಚನೆಯನ್ನು ಬಿಡಿಸಿ ತೋರಿಸಿದರು.

ಮಂಗಳೂರಿನ ಹತ್ತಿರ, ಕೊಣಾಜೆ ಕಡೆಯ ಒಂದು ಲ್ಯಾಬಿನಲ್ಲಿ ನಾನು ಈ ಕೆಲಸ ಮಾಡುತ್ತಾ ಬಂದಿದ್ದೇನೆ. ಈಗ ಎಂಎಸ್ಸಿ ಮಕ್ಕಳಿಗೂ ಮಾಡಿಸುತ್ತೇನೆ. ಅವರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ: ಟ್ಯೂಬಿನಲ್ಲಿ ಪ್ರೋಟೀನ್ ಎಷ್ಟಿದೆ ಅನ್ನುವುದು ಒಂದು ಲೆಕ್ಕ, ಅದು ಇನ್ನೂ ಕೆಲಸ ಮಾಡುತ್ತಿದೆಯಾ ಅನ್ನುವುದು ಬೇರೆ ಲೆಕ್ಕ. ಪ್ರತಿ ಹಂತದಲ್ಲೂ ಎರಡನ್ನೂ ಬರೆದಿಡಬೇಕು.

ಬೇಳೆ ಬಕ್ಕೆ ಹಲಸಿನದ್ದಾದರೂ ಸರಿ, ತುಳುವ ಹಲಸಿನದ್ದಾದರೂ ಸರಿ. ಆದರೆ ಹಣ್ಣಿನಿಂದ ಆಗಷ್ಟೇ ಬಿಡಿಸಿದ್ದಾಗಿರಬೇಕು. ಮಣ್ಣು ಮೆತ್ತಿ ಮಳೆಗಾಲಕ್ಕೆ ಇಟ್ಟ ಬೇಳೆ ಪಲ್ಯಕ್ಕೆ ಚೆನ್ನ, ಈ ಕೆಲಸಕ್ಕೆ ನಾನು ಬಳಸುವುದಿಲ್ಲ. ಮೇಲಿನ ಬಿಳಿ ಸಿಪ್ಪೆ ಸುಲಭವಾಗಿ ಬರುತ್ತದೆ. ಒಳಗಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ತೆಗೆಯಬೇಕು. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಆ ಸಿಪ್ಪೆಯಲ್ಲಿ ಒಗರಿನ ಅಂಶಗಳಿವೆ. ಅವು ಗಾಳಿ ತಾಗಿ ಕಂದಾಗುತ್ತವೆ, ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಆಮೇಲೆ ಬಿಡುವುದೇ ಇಲ್ಲ. ರುಬ್ಬುವ ನೀರಿಗೆ ಸ್ವಲ್ಪ ಆಸ್ಕಾರ್ಬಿಕ್ ಆ್ಯಸಿಡ್ ಹಾಕಿದರೆ ಬಣ್ಣ ತಿರುಗುವುದು ಇನ್ನೂ ಕಡಿಮೆಯಾಗುತ್ತದೆ.

100 ಗ್ರಾಂ ಬೇಳೆಗೆ 500 ಮಿ.ಲೀ. ತಣ್ಣನೆಯ ಸಲೈನ್ ಹಾಕಿ ರುಬ್ಬುತ್ತೇನೆ. ಸಲೈನ್ ಅಂದರೆ 0.15 ಮೋಲಾರ್ ಉಪ್ಪಿನ ನೀರು. ಮಿಕ್ಸಿಯನ್ನು ಒಂದೇ ಸಮನೆ ಓಡಿಸುವುದಿಲ್ಲ, ಬಿಟ್ಟುಬಿಟ್ಟು ಓಡಿಸುತ್ತೇನೆ. ಬಿಸಿಯಾಗಬಾರದು, ನೊರೆಯೂ ಏಳಬಾರದು. ನೊರೆಯಲ್ಲಿ ನೀರು ಮತ್ತು ಗಾಳಿ ಸೇರುವ ಜಾಗದಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ರಾತ್ರಿಯಿಡೀ 4 ಡಿಗ್ರಿಯಲ್ಲಿ ಮೆಲ್ಲ ಕಲಕಲು ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಸೆಂಟ್ರಿಫ್ಯೂಜ್ ಮಾಡುತ್ತೇನೆ. ಪಿಷ್ಟವೆಲ್ಲ ಅಡಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ನಮಗೆ ಬೇಕಾದದ್ದು ಮೇಲಿನ ತಿಳಿ.

ಮುಂದಿನದು ಅಮೋನಿಯಂ ಸಲ್ಫೇಟ್. ಪ್ರೋಟೀನ್ ಕರಗಿ ನಿಂತಿರುವುದು ಅದರ ಮೈಸುತ್ತ ನೀರಿನ ಅಣುಗಳು ಇರುವುದರಿಂದ. ಈ ಲವಣ ಆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆಗ ಪ್ರೋಟೀನ್ ಅಣುಗಳು ಒಂದಕ್ಕೊಂದು ಸೇರಿ ಕೆಳಗೆ ಕೂರುತ್ತವೆ. ಇದರಲ್ಲಿ ಮಡಿಕೆ ಹಾಳಾಗುವುದಿಲ್ಲ, ಮತ್ತೆ ನೀರು ಕೊಟ್ಟರೆ ಕರಗುತ್ತದೆ. ಈ ಲವಣವನ್ನು ಬಳಸುವುದೇ ಅದಕ್ಕೆ. ಶೇಕಡಾ 60 ಸ್ಯಾಚುರೇಶನ್ (ನೀರು ಕರಗಿಸಿಕೊಳ್ಳಬಲ್ಲ ಗರಿಷ್ಠ ಲವಣದ ಶೇಕಡಾ 60) ಬರಲು 0 ಡಿಗ್ರಿಯಲ್ಲಿ ಲೀಟರಿಗೆ 361 ಗ್ರಾಂ ಬೇಕು, 25 ಡಿಗ್ರಿಯಲ್ಲಿ 390 ಗ್ರಾಂ. ಮಂಜುಗಡ್ಡೆಯ ಮೇಲಿಟ್ಟು ಕೆಲಸ ಮಾಡುವವರು 25 ಡಿಗ್ರಿಯ ಪಟ್ಟಿ ನೋಡಬಾರದು. ನಮ್ಮೂರ ಮಳೆಗಾಲದಲ್ಲಿ ಇದರ ಡಬ್ಬಿ ತೆರೆದಿಟ್ಟರೆ ಪುಡಿ ಗಂಟುಕಟ್ಟುತ್ತದೆ. ತೂಕ ಮಾಡುವ ಮೊದಲು ಓವನ್‌ನಲ್ಲಿ ಒಣಗಿಸಿ ಪುಡಿಮಾಡಿಕೊಳ್ಳಬೇಕು. ಗಂಟು ಹಾಗೇ ಬಿದ್ದರೆ ಅದರ ಸುತ್ತ ಮಾತ್ರ ಲವಣ ವಿಪರೀತ ಜಾಸ್ತಿಯಾಗಿ, ಬೇಡದ ಪ್ರೋಟೀನುಗಳೂ ಅಲ್ಲೇ ಕೂರುತ್ತವೆ. ಚಿಟಿಕೆ ಚಿಟಿಕೆಯಾಗಿ ಹಾಕಿ, ಕರಗಿದ ಮೇಲೆ ಮತ್ತೆ ಹಾಕಿ. ಅವಸರ ಬೇಡ.

ಕೂತ ಗಷ್ಟನ್ನು ತೆಗೆದುಕೊಂಡ ಮೇಲೆ ಮೇಲಿನ ನೀರನ್ನು ಸುಮ್ನೆ ಚೆಲ್ಲಬೇಡಿ. ಅದರಲ್ಲಿ ಲೆಕ್ಟಿನ್ ಉಳಿದಿದೆಯಾ ಎಂದು ಪರೀಕ್ಷೆ ಮಾಡಿ ನೋಡುವ ತನಕ ಅದು ಫ್ರಿಜ್‌ನಲ್ಲಿರಲಿ.

ಗಷ್ಟನ್ನು ಸ್ವಲ್ಪವೇ ಸಲೈನಿನಲ್ಲಿ ಕರಗಿಸಿ ಡಯಾಲಿಸಿಸ್ ಚೀಲಕ್ಕೆ ತುಂಬಿ ಸಲೈನಿನಲ್ಲಿ ಮುಳುಗಿಸುತ್ತೇನೆ. ಈ ಚೀಲ ಪ್ರೋಟೀನನ್ನು ಒಳಗೇ ಉಳಿಸಿಕೊಂಡು ಲವಣವನ್ನು ಹೊರಗೆ ಬಿಡುತ್ತದೆ. ಚೀಲದ ತುದಿಯಲ್ಲಿ ಖಾಲಿ ಜಾಗ ಬಿಡಲೇಬೇಕು, ಯಾಕೆಂದರೆ ಒಳಗೆ ಲವಣ ಜಾಸ್ತಿ ಇದ್ದಾಗ ನೀರು ನುಗ್ಗಿ ಚೀಲ ಉಬ್ಬುತ್ತದೆ. ಲವಣ ಪೂರ್ತಿ ಹೋಯಿತಾ ಅಂತ ತಿಳಿಯಲು ಹೊರಗಿನ ನೀರನ್ನು ಒಂದು ಟ್ಯೂಬಿಗೆ ತೆಗೆದುಕೊಂಡು ಬೇರಿಯಂ ಕ್ಲೋರೈಡ್ ಹನಿಸಬೇಕು. ಸಲ್ಫೇಟ್ ಇದ್ದರೆ ಆ ಕ್ಷಣವೇ ಬಿಳಿ ಗಷ್ಟು ಬರುತ್ತದೆ. ತಿಳಿಯಾಗಿ ಉಳಿದರೆ ಮುಗಿಯಿತು. ಇಲ್ಲೊಂದು ಸೂಕ್ಷ್ಮವಿದೆ. ಡಯಾಲಿಸಿಸನ್ನು ಫಾಸ್ಫೇಟ್ ಬಫರಿನಲ್ಲೇ ಮಾಡಿದರೆ ಬೇರಿಯಂ ಫಾಸ್ಫೇಟ್ ಕೂಡ ಬಿಳಿಯಾಗಿ ಕೂರುತ್ತದೆ, ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಅದಕ್ಕೇ ನಾನು ಮೊದಲು ಬರೀ ಸಲೈನ್ ಬದಲಾಯಿಸುತ್ತಾ ಹೋಗಿ, ಬೇರಿಯಂ ಪರೀಕ್ಷೆ ತಿಳಿಯಾದ ಮೇಲೆ 7.4 ಪಿಎಚ್‌ನ ಫಾಸ್ಫೇಟ್ ಬಫರಿಗೆ ಹೋಗುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ. ಗ್ಯಾಲಕ್ಟೋಸ್ ಕೂಡಿಸಿದ ಅಗರೋಸ್ ಕಾಲಮ್, ಅಂದರೆ ಅಂಥ ಹರಳು ತುಂಬಿದ ಕೊಳವೆ, ರೆಡಿಯಾಗಿ ಸಿಗುತ್ತದೆ, ಆದರೆ ದುಬಾರಿ. ಅದರ ಬದಲು ಗೋರಿಕಾಯಿ ಬೀಜದ ಗೋಂದು, ಅಂದರೆ ಗ್ವಾರ್ ಗಮ್, ಬಳಸಬಹುದು. ಅದು ಮ್ಯಾನೋಸ್ ಸಕ್ಕರೆಯ ಉದ್ದ ಸರಪಳಿ, ಪಕ್ಕದಲ್ಲಿ ಅಲ್ಲಲ್ಲಿ ಗ್ಯಾಲಕ್ಟೋಸ್ ಕೊಂಡಿಗಳು. ಹಾಗೇ ನೀರಿಗೆ ಹಾಕಿದರೆ ಲೋಳೆಯಾಗುತ್ತದೆ. ಎಪಿಕ್ಲೋರೋಹೈಡ್ರಿನ್‌ನಿಂದ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿದರೆ ಕರಗದ ಹರಳಾಗುತ್ತದೆ. ಎಪಿಕ್ಲೋರೋಹೈಡ್ರಿನ್ ವಿಷ, ಕ್ಯಾನ್ಸರ್ ತರಬಲ್ಲದು. ಫ್ಯೂಮ್ ಹುಡ್ ಇಲ್ಲದ ಕಡೆ ಇದನ್ನು ಮಾಡಲೇಬಾರದು. ಅಂಥ ಕಡೆ ರೆಡಿ ಕಾಲಮ್ಮೇ ವಾಸಿ.

ಕಾಲಮಿಗೆ ಬೇಳೆಯ ಸಾರವನ್ನು ನಿಧಾನವಾಗಿ ಬಿಟ್ಟರೆ ಜಕಾಲಿನ್ ಗ್ಯಾಲಕ್ಟೋಸಿಗೆ ಅಂಟಿ ನಿಲ್ಲುತ್ತದೆ, ಬೇರೆ ಪ್ರೋಟೀನುಗಳು ಇಳಿದುಹೋಗುತ್ತವೆ. ಹಲಸಿನ ಬೇಳೆಯಲ್ಲಿ ಆರ್ಟೊಕಾರ್ಪಿನ್ ಎಂಬ ಇನ್ನೊಂದು ಲೆಕ್ಟಿನ್ ಇದೆ, ಅದು ಮ್ಯಾನೋಸ್ ಹಿಡಿಯುವಂಥದ್ದು. ಅದು ಬೇಕಾದವರು ಇಳಿದುಹೋದ ಭಾಗವನ್ನು ಮ್ಯಾನೋಸ್ ಕಾಲಮಿಗೆ ಹಾಕಬೇಕು. ಪ್ರೋಟೀನ್ ಹೀರುವ 280 ನ್ಯಾನೋಮೀಟರ್ ಬೆಳಕಿನಲ್ಲಿ ಓದುತ್ತಾ, ಹೀರುವುದು ಸೊನ್ನೆಗೆ ಹತ್ತಿರ ಬರುವ ತನಕ ಬಫರಿನಿಂದ ತೊಳೆಯುತ್ತೇನೆ. ಆಮೇಲೆ 0.2 ಮೋಲಾರ್ ಗ್ಯಾಲಕ್ಟೋಸ್ ಬಿಡುತ್ತೇನೆ. ಬಿಡಿ ಸಕ್ಕರೆ ಧಾರಾಳವಾಗಿ ಸಿಕ್ಕಿದ್ದರಿಂದ ಜಕಾಲಿನ್ ಕಾಲಮ್ ಬಿಟ್ಟು ಇಳಿಯುತ್ತದೆ. ಆ್ಯಸಿಡ್ ಬೇಡ, ಬಿಸಿ ಬೇಡ. ಪ್ರೋಟೀನನ್ನು ಇಷ್ಟು ಮೆತ್ತಗೆ ಬಿಡಿಸಿಕೊಳ್ಳುವ ವಿಧಾನ ಬೇರೆ ಇಲ್ಲ ಅಂತಲೇ ನನಗನಿಸುತ್ತದೆ.

ಹೀಗೆ ಸಿಕ್ಕಿದ್ದನ್ನು ಮತ್ತೊಮ್ಮೆ ಡಯಾಲಿಸಿಸ್ ಮಾಡಲೇಬೇಕು. ಜಕಾಲಿನ್ ಕೆಲಸ ಮಾಡುತ್ತಿದ್ದರೆ ಕೆಂಪು ರಕ್ತಕಣಗಳ ಮೇಲಿನ ಸಕ್ಕರೆಗೆ ಅಂಟಿ ಅವನ್ನು ಗಂಟುಕಟ್ಟಿಸುತ್ತದೆ, ಅದೇ ನಮ್ಮ ಪರೀಕ್ಷೆ. ಒಂದು ಸಲ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮೇಡಂ, ಪ್ರೋಟೀನ್ ರೀಡಿಂಗ್ ಚೆನ್ನಾಗಿ ಬಂದಿದೆ, ಆದರೆ ರಕ್ತ ಗಂಟುಕಟ್ಟುತ್ತಾನೇ ಇಲ್ಲ. ಹಾಳಾಯ್ತಾ?" ಹಾಳಾಗಿರಲಿಲ್ಲ. ಹಿಡಿಯುವ ಜಾಗದಲ್ಲಿ ಗ್ಯಾಲಕ್ಟೋಸ್ ಕೂತುಬಿಟ್ಟಿತ್ತು ಅಷ್ಟೇ. ಅದು ಹೊರಹೋದ ಮೇಲೆ ಶಕ್ತಿ ವಾಪಸ್ ಬಂತು.

ರಕ್ತದ ಪರೀಕ್ಷೆ ಹೀಗೆ. ಕೆಂಪು ರಕ್ತಕಣಗಳನ್ನು ಸಲೈನಿನಲ್ಲಿ ತೊಳೆದು ಶೇಕಡಾ 2ರ ದ್ರಾವಣ ಮಾಡಬೇಕು. ತೊಳೆದ ನೀರು ಗುಲಾಬಿಯಾಗುತ್ತಲೇ ಇದ್ದರೆ ಕಣಗಳು ಒಡೆಯುತ್ತಿವೆ ಅಂತ ಅರ್ಥ, ಹೊಸ ರಕ್ತ ತರಬೇಕು. ಎ, ಬಿ, ಒ ಯಾವ ಗುಂಪಾದರೂ ಆಗುತ್ತದೆ, ಜಕಾಲಿನ್ ಭೇದ ಮಾಡುವುದಿಲ್ಲ. ಗುಂಡು ತಳದ 96 ಗುಳಿಗಳ ತಟ್ಟೆಯಲ್ಲಿ ಜಕಾಲಿನನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ತೆಳುಮಾಡುತ್ತಾ ಹೋಗಿ, ರಕ್ತಕಣ ಹಾಕಿ ಒಂದು ಗಂಟೆ ಅಲುಗಾಡಿಸದೆ ಬಿಡಬೇಕು. ಗಂಟುಕಟ್ಟದ ಕಡೆ ಕಣಗಳು ಜಾರಿ ನಡುವೆ ಕುಂಕುಮದ ಬೊಟ್ಟಿನ ಹಾಗೆ ಕೂರುತ್ತವೆ. ಗಂಟುಕಟ್ಟಿದ ಕಡೆ ತಳದ ತುಂಬ ತೆಳ್ಳಗೆ ಹರಡಿರುತ್ತವೆ. ಹರಡಿದ ಕೊನೆಯ ಗುಳಿಯಲ್ಲಿ ಜಕಾಲಿನ್ ಎಷ್ಟು ಪಟ್ಟು ತೆಳುವಾಗಿದೆಯೋ ಆ ಅಂಕಿಯೇ ಟೈಟರ್. ಪಕ್ಕದ ಸಾಲಿಗೆ ಗ್ಯಾಲಕ್ಟೋಸ್ ಸೇರಿಸಿ ನೋಡಿ, ಅಲ್ಲೆಲ್ಲ ಬೊಟ್ಟು ಬಂದರೆ ಗಂಟು ಕಟ್ಟಿಸುತ್ತಿರುವುದು ಜಕಾಲಿನ್ನೇ ಅಂತ ಧೈರ್ಯವಾಗಿ ಹೇಳಬಹುದು.

ಇದೇ ತಟ್ಟೆಯಲ್ಲಿ ಕುದಿಯುವ ನೀರಿನಲ್ಲಿಟ್ಟ ಜಕಾಲಿನನ್ನೂ ಒಂದು ಸಾಲು ಹಾಕಿಸುತ್ತೇನೆ. ಉದ್ದಕ್ಕೂ ಬೊಟ್ಟೇ. ಅಮೈನೋ ಆಮ್ಲಗಳ ಸರಪಳಿ ತುಂಡಾಗಿಲ್ಲ, ಒಂದು ಅಮೈನೋ ಆಮ್ಲವೂ ಕಳೆದುಹೋಗಿಲ್ಲ. ಹೋದದ್ದು ಮಡಿಕೆ ಮಾತ್ರ. ಜಕಾಲಿನ್ ನಾಲ್ಕು ಘಟಕಗಳು ಸೇರಿದ, ಸುಮಾರು 66 ಕಿಲೋಡಾಲ್ಟನ್‌ನ (ಇದು ಅಣುವಿನ ತೂಕದ ಅಳತೆ) ಅಣು. ಪ್ರತಿ ಘಟಕದಲ್ಲೂ 133 ಅಮೈನೋ ಆಮ್ಲಗಳ ಉದ್ದ ಸರಪಳಿ ಒಂದು, 20ರ ಚಿಕ್ಕದು ಒಂದು. ಬೇಳೆಯೊಳಗೆ ಮೂಲ ಸರಪಳಿಯನ್ನು ಕತ್ತರಿಸಿದಾಗ ಉದ್ದ ಸರಪಳಿಯ ತುದಿಗೆ ಬರುವ ಗ್ಲೈಸಿನ್ ಎಂಬ ಅಮೈನೋ ಆಮ್ಲವೇ ಗ್ಯಾಲಕ್ಟೋಸ್ ಹಿಡಿಯುವುದರಲ್ಲಿ ಮುಖ್ಯ ಎಂದು 1996ರ ರಚನೆ ತೋರಿಸಿತು. ಆ ತುದಿ ತನ್ನ ಜಾಗದಲ್ಲಿ ಇಲ್ಲದಿದ್ದರೆ ಹಿಡಿತವೂ ಇಲ್ಲ. ಜೆಲ್‌ನಲ್ಲಿ ಓಡಿಸಿದರೆ 15 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಪಟ್ಟಿ ಕಾಣುತ್ತದೆ. 66ರ ಹತ್ತಿರ ಏನೂ ಕಾಣದಿದ್ದರೆ ಗಾಬರಿ ಬೇಡ. ಜೆಲ್‌ಗೆ ಬಳಸುವ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಘಟಕಗಳನ್ನು ಬೇರೆ ಮಾಡಿರುತ್ತದೆ, ಚಿಕ್ಕ ಸರಪಳಿ ಸಾಮಾನ್ಯವಾಗಿ ಜೆಲ್ ಬಿಟ್ಟೇ ಹೋಗಿರುತ್ತದೆ.

ಪ್ರೋಟೀನಿನ ಪ್ರಮಾಣಕ್ಕೆ ಬ್ರಾಡ್‌ಫೋರ್ಡ್ ಎಂಬ ಬಣ್ಣದ ಪರೀಕ್ಷೆ ಸಾಕು, 595 ನ್ಯಾನೋಮೀಟರ್‌ನಲ್ಲಿ ಓದುವುದು. ಟೈಟರನ್ನು ಮಿಲಿಗ್ರಾಂ ಪ್ರೋಟೀನಿಗೆ ಭಾಗಿಸಿ ಹಂತಹಂತವಾಗಿ ಬರೆದಿಡಿ. ಮೊದಲ ಸಾರಕ್ಕಿಂತ ಕಾಲಮಿನಿಂದ ಇಳಿದದ್ದರಲ್ಲಿ ಆ ಅಂಕಿ ಏರಿರಬೇಕು. ಒಟ್ಟು ಪ್ರೋಟೀನ್ ಕಡಿಮೆಯಾಗಿ ಈ ಅಂಕಿಯೂ ಏರದಿದ್ದರೆ, ಯಾವ ಹಂತದಲ್ಲಿ ಸೋರಿತು ಎಂದು ಫ್ರಿಜ್‌ನಲ್ಲಿಟ್ಟ ಆ ಮೇಲಿನ ನೀರಿನಿಂದಲೇ ಹುಡುಕಲು ಶುರುಮಾಡಿ.

ಜಕಾಲಿನನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿ ಇಡುತ್ತೇನೆ. ಒಂದು ಸಲಕ್ಕೆ ಬೇಕಾದಷ್ಟನ್ನೇ ಕರಗಿಸಿದರೆ ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸುವ ತೊಂದರೆ ಇಲ್ಲ. ಕಾಲಮನ್ನು ಮಾತ್ರ ಹೆಪ್ಪುಗಟ್ಟಲು ಬಿಡಬಾರದು. ಶೇಕಡಾ 0.02 ಸೋಡಿಯಂ ಅಜೈಡ್ ಇರುವ ಬಫರಿನಲ್ಲಿ 4 ಡಿಗ್ರಿಯಲ್ಲಿಟ್ಟರೆ ಬೂಸ್ಟು ಬರುವುದಿಲ್ಲ. ಅಜೈಡ್ ವಿಷ, ಆ್ಯಸಿಡ್ ತಾಗಿದರೆ ವಿಷದ ಅನಿಲ ಬರುತ್ತದೆ. ಹಾಗಾಗಿ ಆ ನೀರನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಹೆಸರು ಬರೆದು ಇಡಿ.