ಹಸಿ ಕಸದ ಬಕೆಟ್ ಪಕ್ಕ ಒಂದು ನೋಟ್‌ಬುಕ್

ಮಗ ಹಾಸ್ಟೆಲ್‌ಗೆ ಹೋಗಿ ಎರಡು ವರ್ಷ ಆಗಿತ್ತು. ಆದರೂ ನಾನು ನಾಲ್ಕು ಜನರ ಅಳತೆಯಲ್ಲೇ ಅನ್ನಕ್ಕೆ ಇಡುತ್ತಿದ್ದೆ. ನೋಟ್‌ಬುಕ್ ಇಡುವವರೆಗೂ ಅದು ನನಗೆ ಹೊಳೆದೇ ಇರಲಿಲ್ಲ.

ಕಳೆದ ವರ್ಷ ಒಂದು ತಿಂಗಳು ಹಸಿ ಕಸದ ಬಕೆಟ್ ಪಕ್ಕದ ಗೋಡೆಗೆ ನೋಟ್‌ಬುಕ್ ನೇತುಹಾಕಿದೆ. ಸಿಪ್ಪೆ, ಕಾಫಿ ಚರಟ ಲೆಕ್ಕಕ್ಕಿಲ್ಲ. ತಿನ್ನಬಹುದಾಗಿದ್ದ ಏನನ್ನು ಬಿಸಾಡಿದರೂ ಬರೆಯಬೇಕು, ಅದರ ಬೆಲೆಯನ್ನೂ ಬರೆಯಬೇಕು. ತಿಂಗಳ ಕೊನೆಗೆ ಕೂಡಿದರೆ 740 ರೂಪಾಯಿ! ಭಾರತದ ಮನೆಗಳಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 55 ಕೆಜಿ ಆಹಾರ, ಸಿಪ್ಪೆಯೂ ಸೇರಿ, ಕಸಕ್ಕೆ ಹೋಗುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹೇಳುತ್ತದೆ. ಓದಿದಾಗ ಬೇರೆಯವರ ಮನೆ ವಿಷಯ ಅನಿಸಿತ್ತು.

ಮೊದಲು ಅನ್ನದ ಅಳತೆ ಬದಲಾಯಿಸಿದೆ. ಎರಡು ಪಾವು ಇದ್ದದ್ದು ಒಂದೂವರೆ ಆಯಿತು. ಅಕ್ಕಿ ಡಬ್ಬಿಯಲ್ಲಿ ಅರೆಪಾವನ್ನೂ ಇಟ್ಟುಬಿಟ್ಟೆ. ಸುಮ್ನೆ ಕಣ್ಣಂದಾಜಿನಲ್ಲಿ ಹಾಕಿದರೆ ಕೈ ಹಳೇ ಅಳತೆಗೇ ಹೋಗುತ್ತದೆ. ದಿನಕ್ಕೆ ಅರೆಪಾವು ಅಂದರೆ ತಿಂಗಳಿಗೆ ಸುಮಾರು ಮೂರು ಕೆಜಿ ಅಕ್ಕಿ ಅಲ್ವಾ? ಮಗ ರಜೆಗೆ ಬಂದಾಗ ಮತ್ತೆ ಎರಡು ಪಾವು. ಮಿಕ್ಕ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡುವುದಿಲ್ಲ. ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡುತ್ತೇನೆ. ಬೆಳಿಗ್ಗೆ ಅದನ್ನು ಅಕ್ಕಿಹಿಟ್ಟಿನ ಜೊತೆ ನಾದಿದರೆ ರೊಟ್ಟಿ ಎಷ್ಟು ಮೆತ್ತಗೆ ಬರುತ್ತದೆ ಗೊತ್ತಾ! ಚಿತ್ರಾನ್ನ ತಿಂದು ಬೇಸರವಾಗಿದ್ದ ನಮ್ಮ ಮನೆಯವರೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಬಂದಿದ್ದ ಹೆಸರು ಕೊತ್ತಂಬರಿ ಸೊಪ್ಪು. ತಂದ ಕೂಡಲೇ ತೊಳೆದಿಡುತ್ತಿದ್ದೆ, ತಪ್ಪು ಅದೇ. ನೀರಿನ ಪಸೆ ಇದ್ದರೆ ಸೊಪ್ಪು ಬೇಗ ಕೊಳೆಯುತ್ತದೆ. ಅತ್ತೆ ಹೇಳಿದ ಹಾಗೆ ಈಗ ಬೇರು ಕತ್ತರಿಸಿ, ತೊಳೆಯದೆ, ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ವಾರಕ್ಕೂ ಜಾಸ್ತಿ ಬರುತ್ತದೆ. ದಂಟನ್ನು ಚಟ್ನಿಗೆ ರುಬ್ಬುತ್ತೇನೆ. ದೋಸೆ ಹಿಟ್ಟು ಹುಳಿ ಬಂದರೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು. ಹೀರೇಕಾಯಿ ಸಿಪ್ಪೆಯ ಚಟ್ನಿ ನಮ್ಮಲ್ಲಿ ಮೊದಲಿಂದಲೂ ಇದೆ.

ಈಗ ಮೂರು ತಿಂಗಳಿಗೊಮ್ಮೆ ಒಂದು ವಾರ ಮಾತ್ರ ನೋಟ್‌ಬುಕ್ ಬರೆಯುತ್ತೇನೆ. ಹೋದ ಸಲ ವಾರಕ್ಕೆ 45 ರೂಪಾಯಿ ಬಂತು. ಅದರಲ್ಲಿ ಹೆಚ್ಚಿನದು ಬಾಳೆಹಣ್ಣು. ಹಬ್ಬ ಮುಗಿದ ಮೇಲೆ ತಾಂಬೂಲದಲ್ಲಿ ಬಂದ ಹಣ್ಣೆಲ್ಲ ಒಟ್ಟಿಗೇ ಕಪ್ಪಾಗುತ್ತವೆ. ಈ ಸಲ ಮಂಗಳೂರು ಬನ್ಸ್ ಮಾಡಿ ನೋಡುತ್ತೇನೆ. ಕಳಿತ ಬಾಳೆಹಣ್ಣು, ಹುಳಿ ಮೊಸರು, ಅದಕ್ಕೆ ಎರಡೂ ಬೇಕು.