ಯುರೋಪಿನ ರಾತ್ರಿ ರೈಲು: ಮನೆಮಂದಿಗೆಲ್ಲ ಯಾವ ಬರ್ತ್ ಹಿಡಿಯಬೇಕು?

ವಿಯೆನ್ನಾದಿಂದ ವೆನಿಸ್‌ಗೆ ಹೋಗುವ ನೈಟ್‌ಜೆಟ್ (ಆಸ್ಟ್ರಿಯಾ ರೈಲ್ವೆಯ ರಾತ್ರಿ ರೈಲು) ರೈಲಿಗೆ ಟಿಕೆಟ್ ಮಾಡೋಣ ಅಂತ ಕೂತರೆ ಮೊದಲು ಗೊಂದಲ ಆಗುವುದೇ ಹೆಸರುಗಳಲ್ಲಿ. ನಮ್ಮಲ್ಲಿ ಸ್ಲೀಪರ್ ಅಂದರೆ ಅಗ್ಗದ ಕ್ಲಾಸ್, ಅಲ್ವಾ? ಅಲ್ಲಿ ಉಲ್ಟಾ. ಸ್ಲೀಪರ್ ಅಂದರೆ ಒಬ್ಬರಿಗೋ ಇಬ್ಬರಿಗೋ ಮೂವರಿಗೋ ಇರುವ ಪುಟ್ಟ ರೂಮು, ರೇಟೂ ಜಾಸ್ತಿ. ನಮ್ಮ ತ್ರೀ ಟಯರ್ ಎಸಿಗೆ ಹತ್ತಿರ ಇರುವುದು ಕೂಶೆಟ್. ಆ ಕಡೆ ಮೂರು, ಈ ಕಡೆ ಮೂರು ಬರ್ತ್ (ನಾಲ್ಕು ಬರ್ತಿನದೂ ಇದೆ), ದಿಂಬು, ಬೆಡ್‌ಶೀಟು, ತೆಳ್ಳನೆ ಹೊದಿಕೆ. ಸೈಡ್ ಬರ್ತ್ ಇಲ್ಲ, ಪರದೆ ಇಲ್ಲ. ಬಾಗಿಲು ಇದೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು.

ಆ ಬಾಗಿಲಿನ ಒಳಗೆ ಯಾರ್ಯಾರು ಇರುತ್ತಾರೆ ಅನ್ನುವುದರ ಮೇಲೆ ನಿಮ್ಮ ನಿದ್ದೆ ನಿಂತಿದೆ. ನಾವು ಮೊದಲ ಸಲ ಜಿಪುಣತನ ಮಾಡಿ ಆರು ಬರ್ತಿನ ಕೂಶೆಟ್‌ನಲ್ಲಿ ನಾಲ್ಕು ಮಾತ್ರ ತೆಗೆದುಕೊಂಡೆವು. ಮಗಳು ಮಲಗಿ ಒಂದು ಗಂಟೆ ಆಗಿರಬಹುದು, ಯಾವುದೋ ಸ್ಟೇಷನ್‌ನಲ್ಲಿ ಇಬ್ಬರು ಹತ್ತಿದರು, ಲೈಟು ಹಾಕಿದರು, ಸೂಟ್‌ಕೇಸ್ ಇಡಲು ಜಾಗ ಹುಡುಕಿದರು. ಜಾಗ ಎಲ್ಲಿಂದ ಬರಬೇಕು, ಇದ್ದಬದ್ದ ಕಡೆಯೆಲ್ಲ ನಮ್ಮವೇ ತುಂಬಿದ್ದವು. ಪಾಪ, ಅವರದೇನೂ ತಪ್ಪಿಲ್ಲ. ಅತ್ತೆ ಮಾತ್ರ ಬೆಳಗಿನವರೆಗೆ ಶಾಲು ಹೊದ್ದು ಕೂತೇ ಇದ್ದರು.

ಹಾಗಾಗಿ ಬಿಡಿ ಬರ್ತ್ ಬೇಡ, ಇಡೀ ಕೂಪೆಯನ್ನೇ ಹಿಡಿಯಿರಿ. ಬುಕ್ ಮಾಡುವಾಗ ಪ್ರೈವೇಟ್ ಕಂಪಾರ್ಟ್‌ಮೆಂಟ್ ಅನ್ನುವ ಆಯ್ಕೆ ಇರುತ್ತದೆ. ಅಪ್ಪ, ಅಮ್ಮ, ಎರಡು ಮಕ್ಕಳಾದರೆ ನಾಲ್ಕು ಬರ್ತಿನ ಕೂಶೆಟ್ ಸಾಕು, ಅದಕ್ಕಿಂತ ಮೇಲೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಐದಾರು ಜನ ಇದ್ದರೆ ಆರರದ್ದು, ಆದರೆ ಆರು ಜನಕ್ಕೆ ಆರು ದೊಡ್ಡ ಸೂಟ್‌ಕೇಸ್ ತಂದರೆ ಕಾಲಿಡಲೂ ಜಾಗ ಇರುವುದಿಲ್ಲ, ಇಬ್ಬರಿಗೊಂದು ಅಂತ ಲೆಕ್ಕ ಹಾಕಿ. ಮೂವರಿದ್ದರೆ ಮೂರು ಬರ್ತಿನ ಸ್ಲೀಪರ್ ನೋಡಬಹುದು, ರೂಮಿನಲ್ಲೇ ವಾಶ್ ಬೇಸಿನ್ ಇರುತ್ತದೆ. ಇದು ಹಳೆಯ ಬೋಗಿಗಳ ಮಾತು. 2023ರ ಕೊನೆಯಲ್ಲಿ ಓಡಲು ಶುರುವಾದ ಹೊಸ ನೈಟ್‌ಜೆಟ್‌ಗಳಲ್ಲಿ ಸ್ಲೀಪರ್ ಇಬ್ಬರಿಗಷ್ಟೇ, ಆದರೆ ಪ್ರತಿ ರೂಮಿಗೂ ಟಾಯ್ಲೆಟ್, ಶವರ್ ಇದೆ. ಅದೇ ರೈಲಿನ ಮಿನಿ ಕ್ಯಾಬಿನ್ ಒಬ್ಬರು ತೂರಿಕೊಳ್ಳುವ ಗೂಡು. ಕಾಲೇಜಿಗೆ ಹೋಗುವ ಮಗನಿಗೆ ಖುಷಿಯಾದೀತು, ಪುಟ್ಟ ಮಕ್ಕಳಿಗೆ ಬೇಡ.

ಅಜ್ಜ ಅಜ್ಜಿ ಜೊತೆಗಿದ್ದರೆ ಲೆಕ್ಕ ಬೇರೆ. ಮೇಲಿನ ಬರ್ತಿಗೆ ಏಣಿ ಹತ್ತಬೇಕು, ರಾತ್ರಿ ಎರಡು ಮೂರು ಸಲ ಎದ್ದು ಬೋಗಿಯ ತುದಿಯ ಟಾಯ್ಲೆಟ್‌ಗೆ ನಡೆಯಬೇಕು. ಕೆಳಗಿನ ಬರ್ತ್ ಅವರಿಗೇ ಬಿಡಿ. ಕೈಯಲ್ಲಿ ದುಡ್ಡಿದ್ದರೆ ಅವರಿಬ್ಬರಿಗೆ ಟಾಯ್ಲೆಟ್ ಇರುವ ಸ್ಲೀಪರ್, ಉಳಿದವರಿಗೆ ಕೂಶೆಟ್ ಮಾಡಿ. ಎರಡೂ ಬೇರೆ ಬೇರೆ ಬೋಗಿಯಲ್ಲಿ ಬರುತ್ತವೆ ಅಂತ ಅವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಪ್ಲಾಟ್‌ಫಾರಂನಲ್ಲೇ ಗಲಾಟೆ.

ಫ್ರಾನ್ಸ್ ಒಳಗಿನ ರಾತ್ರಿ ರೈಲುಗಳಲ್ಲಿ ಸ್ಲೀಪರ್ ಹುಡುಕಬೇಡಿ, ಇಲ್ಲ. ಸೀಟು ಬಿಟ್ಟರೆ ಕೂಶೆಟ್ ಅಷ್ಟೇ: ಫಸ್ಟ್ ಕ್ಲಾಸ್ ಅಂದರೆ ಕೂಪೆಗೆ ನಾಲ್ವರು, ಸೆಕೆಂಡ್ ಅಂದರೆ ಆರು ಜನ.

ವೇಟಿಂಗ್ ಲಿಸ್ಟು, ಆರ್‌ಎಸಿ, ತತ್ಕಾಲ್ ಯಾವುದನ್ನೂ ನಂಬಿಕೊಂಡು ಕೂರುವಂತಿಲ್ಲ. ವಿಮಾನದ ಟಿಕೆಟ್ ಥರ ದಿನ ಹತ್ತಿರ ಬಂದಂತೆ ರೇಟು ಏರುತ್ತದೆ, ಬೇಸಿಗೆ ರಜೆಯಲ್ಲಂತೂ ಇಡೀ ಕೂಪೆ ಸಿಗುವುದೇ ಕಷ್ಟ. ಇಲ್ಲಿಂದ ಯುರೇಲ್ ಪಾಸ್ (ಒಂದೇ ಪಾಸಿನಲ್ಲಿ ಯುರೋಪಿನ ಹಲವು ರೈಲು ಹತ್ತುವಂಥದ್ದು) ಮಾಡಿಸಿಕೊಂಡು ಹೋಗುವವರು, ಅಲ್ಲೇ ನೆಲೆಸಿ ಅಲ್ಲಿನವರಿಗೆ ಸಿಗುವ ಅಂಥದ್ದೇ ಇಂಟರ್‌ರೇಲ್ ಪಾಸ್ ಇಟ್ಟುಕೊಂಡವರು ಇಬ್ಬರೂ ನೆನಪಿಡಿ: ಪಾಸ್ ಇದ್ದರೂ ಬರ್ತಿಗೆ ಬೇರೆ ದುಡ್ಡು ಕೊಡಬೇಕು.

ರಾತ್ರಿ ಊಟ ಕಟ್ಟಿಕೊಂಡೇ ಹತ್ತಿ. ಚಾಯ್ ಚಾಯ್ ಅಂತ ಯಾರೂ ಬರುವುದಿಲ್ಲ. ಬೆಳಿಗ್ಗೆ ನೈಟ್‌ಜೆಟ್ ಕೂಶೆಟ್‌ನಲ್ಲಿ ಬನ್ನು, ಬೆಣ್ಣೆ, ಜಾಮು, ಕಾಫಿ ಅಥವಾ ಟೀ ಕೊಡುತ್ತಾರೆ. ಮಕ್ಕಳಿಗೆ ಅಷ್ಟು ಸಾಲುವುದಿಲ್ಲ, ಚಪಾತಿ ಚಟ್ನಿಪುಡಿ ಇರಲಿ.

ಇನ್ನೊಂದು, ಹತ್ತುವಾಗ ಬೋಗಿ ನಂಬರ್ ಸರಿಯಾಗಿ ನೋಡಿ. ಸಾಲ್ಜ್‌ಬರ್ಗ್‌ನಂಥ ಜಂಕ್ಷನ್‌ನಲ್ಲಿ ನಡುರಾತ್ರಿ ಬೋಗಿಗಳನ್ನು ಬಿಚ್ಚಿ ಬೇರೆ ರೈಲಿಗೆ ಜೋಡಿಸುತ್ತಾರೆ. ಖಾಲಿ ಇದೆ ಅಂತ ಸುಮ್ನೆ ಪಕ್ಕದ ಬೋಗಿಯಲ್ಲಿ ಮಲಗಿದರೆ ಬೆಳಿಗ್ಗೆ ನೀವೊಂದು ಊರು, ನಿಮ್ಮ ಸೂಟ್‌ಕೇಸ್ ಇನ್ನೊಂದು ಊರು.